ಕಾಯಕ ಮತ್ತು ಗುಲಾಮಗಿರಿ: ಅಮೆರಿಕದ ಅಂತರ್ಯುದ್ಧದ ಮೇಲೊಂದು ಚಿಂತನೆ

ಆಯ್ದಕ್ಕಿ ಮಾರಯ್ಯನವರ ಪ್ರಸಂಗವನ್ನು ಅರಿಯದ ಶರಣಬಂಧುಗಳಿಲ್ಲ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಅವರು ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ ಸತಿ ಲಕ್ಕಮ್ಮನವರು ಅದನ್ನು ಒಲೆಯ ಬಳಿಗೆ ಒಯ್ಯಲಿಲ್ಲ. ಅದು ಆಸೆಯಿಂದ ಬಂದದ್ದು, ದಾಸೋಹಕ್ಕೆ ಸಲ್ಲದು ಎಂದು ಪತಿಯನ್ನು ಎಚ್ಚರಿಸಿ ಹಿಂದಕ್ಕೆ ಕಳುಹಿಸಿದರು. ಈ ಪ್ರಸಂಗವನ್ನು ಸಾಮಾನ್ಯವಾಗಿ ಅಲ್ಪತೃಪ್ತಿಯ ಪಾಠವೆಂದು ವಿವರಿಸಲಾಗುತ್ತದೆ. ಅದರೊಳಗೆ ಇನ್ನೊಂದು ಸೂಕ್ಷ್ಮವೂ ಅಡಗಿದೆ. ತನ್ನ ಬೆವರಿಗೆ ಸಲ್ಲದ ಒಂದು ಹಿಡಿ ಅಕ್ಕಿ ಮನೆಯೊಳಗೆ ಬಂದರೆ ಅದು ಬೇರೊಬ್ಬರ ಬೆವರಿನ ಪಾಲು. ಅದನ್ನು ಬೇಯಿಸಿ ಲಿಂಗಕ್ಕೆ ಅರ್ಪಿಸಿದರೂ ಅದು ಪ್ರಸಾದವಾಗುವುದಿಲ್ಲ.

ಶರಣರು ಹೇಳಿದ ಕಾಯಕಕ್ಕೆ ಮೂರು ಲಕ್ಷಣಗಳಿವೆ. ಮಾಡುವವನು ಅದನ್ನು ತಾನೇ ಒಪ್ಪಿ ಮಾಡಬೇಕು, ಅದು ಸತ್ಯಶುದ್ಧವಾಗಿರಬೇಕು, ಅದರ ಫಲ ದಾಸೋಹವಾಗಿ ಸಮಾಜಕ್ಕೆ ಹರಿಯಬೇಕು. ಈ ಮೂರರಲ್ಲಿ ಮೊದಲನೆಯದು ಇಲ್ಲವಾದರೆ ಉಳಿದೆರಡು ನಿಲ್ಲುವುದಿಲ್ಲ. ಚಾವಟಿಯ ಭಯದಿಂದ ಮಾಡಿದ ದುಡಿಮೆ ದುಡಿಮೆ ಮಾತ್ರ, ಕಾಯಕವಲ್ಲ. ಅದನ್ನು ಮಾಡಿಸಿಕೊಂಡು ಉಣ್ಣುವವನಿಗಂತೂ ಕಾಯಕವೆಂಬುದೇ ಇಲ್ಲ. ಈ ಮಾತು ಒಂದು ಮನೆಗೆ ಅನ್ವಯಿಸುವಂತೆ ಒಂದು ರಾಷ್ಟ್ರಕ್ಕೂ ಅನ್ವಯಿಸುತ್ತದೆ. ಒಂದು ಇಡೀ ರಾಷ್ಟ್ರ ಇನ್ನೊಬ್ಬರ ಬೆವರನ್ನು ಎರಡೂವರೆ ಶತಮಾನ ಉಂಡರೆ ಏನಾಗುತ್ತದೆ? ಅಮೆರಿಕದಲ್ಲಿ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧ ಈ ಪ್ರಶ್ನೆಗೆ ಚರಿತ್ರೆ ಕೊಟ್ಟ ಉತ್ತರ.

1619ರಲ್ಲಿ ಆಫ್ರಿಕದ ಕೆಲವು ಬಂದಿಗಳನ್ನು ವರ್ಜೀನಿಯಾದ ತೀರದಲ್ಲಿ ಇಳಿಸಲಾಯಿತು. 1662ರಲ್ಲಿ ಅದೇ ವರ್ಜೀನಿಯಾ ಒಂದು ಶಾಸನ ಮಾಡಿತು. ಹುಟ್ಟುವ ಮಗು ತಾಯಿಯ ಸ್ಥಿತಿಯನ್ನೇ ಪಡೆಯುತ್ತದೆ, ತಾಯಿ ಗುಲಾಮಳಾದರೆ ಮಗುವೂ ಗುಲಾಮ ಎಂಬುದು ಅದರ ಸಾರ. ಹುಟ್ಟಿಗೆ ಮೊದಲೇ ಮನುಷ್ಯನ ಬೆಲೆಯನ್ನು ನಿಗದಿಪಡಿಸುವ ಈ ವಿಧಾನ ಕನ್ನಡಿಗರಿಗೆ ಅಪರಿಚಿತವಲ್ಲ. ಜನನದಿಂದ ಶ್ರೇಷ್ಠತೆ ಇಲ್ಲ ಎಂದು ಬಸವಾದಿ ಶರಣರು ಸಾರಿದ್ದು ಇಂಥದೇ ಕಟ್ಟಳೆಯ ವಿರುದ್ಧ. ಕಟ್ಟಳೆಯ ಹೆಸರು ಒಂದು ಕಡೆ ಜಾತಿಯಾಯಿತು, ಇನ್ನೊಂದು ಕಡೆ ವರ್ಣವಾಯಿತು. ಎರಡೂ ಒಂದೇ ಅಲ್ಲ, ಅವುಗಳ ಚರಿತ್ರೆ ಬೇರೆ ಬೇರೆ. ಆದರೆ ತೊಟ್ಟಿಲಿನಲ್ಲಿರುವ ಕೂಸಿನ ಕೊರಳಿಗೆ ನೊಗ ಕಟ್ಟುವ ಕ್ರೂರತೆ ಎರಡಕ್ಕೂ ಸಮಾನ.

ಆಳುಗಳಿಗಾಗಿ ಹಪಹಪಿಸಿದ ಲೋಭ ಮೊದಲು ಬಂದಿತು. ಕಪ್ಪು ಚರ್ಮದವರು ಸ್ವಭಾವದಿಂದಲೇ ಕೀಳು ಎಂಬ ಶಾಸ್ತ್ರವನ್ನು ಆ ಲೋಭಕ್ಕೆ ಹೊದಿಕೆಯಾಗಿ ಹೊಲಿಯಲಾಯಿತು. ಅನ್ಯಾಯ ಮಾಡುವವನು ಅನ್ಯಾಯವನ್ನು ಅನ್ಯಾಯವೆಂದೇ ಒಪ್ಪಿಕೊಂಡು ಬಹಳ ಕಾಲ ಬಾಳಲಾರ. ತಾನು ತುಳಿದವನು ತುಳಿಸಿಕೊಳ್ಳಲೆಂದೇ ಹುಟ್ಟಿದವನು ಎಂದು ಅವನು ತನಗೆ ತಾನೇ ನಂಬಿಸಿಕೊಳ್ಳಬೇಕಾಗುತ್ತದೆ. ಆ ನಂಬಿಕೆ ಒಮ್ಮೆ ಬೇರು ಬಿಟ್ಟಿತೆಂದರೆ ಲಾಭ ಹೋದ ಮೇಲೂ ಅದು ಹೋಗುವುದಿಲ್ಲ.

1776ರಲ್ಲಿ ಎಲ್ಲ ಮನುಷ್ಯರೂ ಸಮಾನರೆಂದು ಘೋಷಿಸಿ ಆ ರಾಷ್ಟ್ರ ಸ್ವತಂತ್ರವಾಯಿತು. ಆ ಘೋಷಣೆಯ ಕರಡು ಬರೆದ ಥಾಮಸ್ ಜೆಫರ್ಸನ್ ಅವರೇ ನೂರಾರು ಗುಲಾಮರ ಒಡೆಯರು. 1787ರಲ್ಲಿ ರಚನೆಯಾದ ಸಂವಿಧಾನದಲ್ಲಿ ಗುಲಾಮ ಎಂಬ ಶಬ್ದವನ್ನು ಬಳಸದಂತೆ ಎಚ್ಚರ ವಹಿಸಲಾಯಿತು. ಆದರೆ ಪ್ರತಿನಿಧಿಗಳ ಲೆಕ್ಕಕ್ಕೆ ಗುಲಾಮರ ಸಂಖ್ಯೆಯ ಐದರಲ್ಲಿ ಮೂರು ಪಾಲನ್ನು ಸೇರಿಸಿಕೊಳ್ಳುವ ಮತ್ತು ಓಡಿಹೋದವರನ್ನು ಒಡೆಯನಿಗೆ ಒಪ್ಪಿಸುವ ವಿಧಿಗಳು ಅದರಲ್ಲಿ ಸೇರಿದವು. ನುಡಿಯೊಂದು, ನಡೆಯೊಂದು ಆದಾಗ ಲಿಂಗವು ಮೆಚ್ಚದು ಎಂಬ ಶರಣರ ನಿಲುವನ್ನು ಬಲ್ಲವರಿಗೆ ಈ ಬಿರುಕಿನ ಆಳ ಅರ್ಥವಾಗುತ್ತದೆ.

ಗುಲಾಮಗಿರಿ ತಾನಾಗಿಯೇ ಕ್ಷೀಣಿಸುತ್ತದೆ ಎಂದು ಆ ಕಾಲದ ಅನೇಕರು ನಂಬಿದ್ದರು. ಆ ನಂಬಿಕೆಯನ್ನು ಹುಸಿಗೊಳಿಸಿದ್ದು ಹತ್ತಿ. 1793ರಲ್ಲಿ ಎಲಿ ವಿಟ್ನಿ ಅವರು ಅರಳೆಯಿಂದ ಬೀಜವನ್ನು ಬೇರ್ಪಡಿಸುವ ಯಂತ್ರವನ್ನು ರೂಪಿಸಿದರು. ಕೈಯಿಂದ ಇಡೀ ದಿನ ಮಾಡುತ್ತಿದ್ದ ಕೆಲಸವನ್ನು ಯಂತ್ರ ಅಲ್ಪಕಾಲದಲ್ಲಿ ಮುಗಿಸತೊಡಗಿತು. ಅದರಿಂದ ದುಡಿಯುವವನ ಭಾರ ಇಳಿಯಲಿಲ್ಲ, ಏರಿತು. ಹತ್ತಿಯ ಹೊಲಗಳು ಪಶ್ಚಿಮಕ್ಕೆ ಹಬ್ಬಿದಂತೆ ಬಿಡಿಸುವ ಕೈಗಳ ಬೇಡಿಕೆಯೂ ಹಬ್ಬಿತು. 1860ರ ಜನಗಣತಿಯ ವೇಳೆಗೆ ಸುಮಾರು 3 ಕೋಟಿ 14 ಲಕ್ಷ ಜನಸಂಖ್ಯೆಯ ಆ ದೇಶದಲ್ಲಿ 39 ಲಕ್ಷ 50 ಸಾವಿರಕ್ಕೂ ಹೆಚ್ಚು ಮಂದಿ ಗುಲಾಮರಾಗಿದ್ದರು. ದೇಶದ ಒಟ್ಟು ರಫ್ತಿನ ಮೌಲ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹತ್ತಿಯದೇ ಆಗಿತ್ತು. ಶರಣೆ ಕದಿರ ರೆಮ್ಮವ್ವೆಯವರು ನೂಲುವ ಕಾಯಕವನ್ನೇ ಸಾಧನೆಯಾಗಿಸಿಕೊಂಡವರು. ಜೇಡರ ದಾಸಿಮಯ್ಯನವರು ಮಗ್ಗದ ಮುಂದೆ ಕುಳಿತು ಶಿವನನ್ನು ಕಂಡವರು. ಅದೇ ಅರಳೆ, ಅದೇ ಎಳೆ. ಒಂದು ಕಡೆ ಅದು ಕೈಲಾಸಕ್ಕೆ ದಾರಿಯಾಯಿತು, ಇನ್ನೊಂದು ಕಡೆ ಸಂಕೋಲೆಯಾಯಿತು. ವ್ಯತ್ಯಾಸವಿದ್ದುದು ಎಳೆಯಲ್ಲಲ್ಲ, ನೂಲುವವರ ಸ್ವಾತಂತ್ರ್ಯದಲ್ಲಿ.

ಯುದ್ಧ ಒಂದೇ ದಿನದಲ್ಲಿ ಹುಟ್ಟಲಿಲ್ಲ. ಹೊಸದಾಗಿ ಸೇರುವ ಪ್ರಾಂತ್ಯಗಳಲ್ಲಿ ಗುಲಾಮಗಿರಿ ಇರಬೇಕೆ, ಬೇಡವೆ ಎಂಬ ವಿವಾದಕ್ಕೆ 1820ರಲ್ಲಿ ಮಿಸೌರಿ ಒಪ್ಪಂದದ ತೇಪೆ ಹಾಕಲಾಯಿತು. 1850ರ ಕಾಯ್ದೆಯು ತಲೆಮರೆಸಿಕೊಂಡ ಗುಲಾಮರನ್ನು ಹಿಡಿದುಕೊಡುವ ಹೊಣೆಯನ್ನು ಉತ್ತರದವರ ಮೇಲೂ ಹೊರಿಸಿತು. 1854ರ ಶಾಸನವು ಕ್ಯಾನ್ಸಸ್ ಪ್ರಾಂತ್ಯವನ್ನು ರಕ್ತಪಾತಕ್ಕೆ ದೂಡಿತು. 1857ರಲ್ಲಿ ಡ್ರೆಡ್ ಸ್ಕಾಟ್ ಎಂಬ ಗುಲಾಮರು ಬಿಡುಗಡೆ ಕೋರಿದ್ದ ಮೊಕದ್ದಮೆಯಲ್ಲಿ, ಆಫ್ರಿಕ ಮೂಲದವರು ಆ ದೇಶದ ಪ್ರಜೆಗಳಾಗಲಾರರೆಂದು ಅತ್ಯುನ್ನತ ನ್ಯಾಯಾಲಯವೇ ತೀರ್ಪಿತ್ತಿತು. ಗುಲಾಮಗಿರಿ ಹೊಸ ಪ್ರಾಂತ್ಯಗಳಿಗೆ ಹಬ್ಬಬಾರದು ಎಂದು ವಾದಿಸುತ್ತಿದ್ದ ಅಬ್ರಹಾಂ ಲಿಂಕನ್ ಅವರು 1860ರ ನವೆಂಬರಿನಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದರು. ಡಿಸೆಂಬರ್ 20ರಂದು ದಕ್ಷಿಣ ಕೆರೊಲಿನಾ ಒಕ್ಕೂಟದಿಂದ ಹೊರನಡೆಯಿತು. ಕ್ರಮೇಣ ಹನ್ನೊಂದು ರಾಜ್ಯಗಳು ಬೇರೆಯಾದವು. 1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ಫಿರಂಗಿಗಳು ಮೊಳಗಿದವು.

ದಕ್ಷಿಣದವರು ಹೋರಾಡಿದ್ದು ಗುಲಾಮಗಿರಿಗಾಗಿ ಅಲ್ಲ, ರಾಜ್ಯಗಳ ಹಕ್ಕಿಗಾಗಿ ಎಂಬ ವಾದವು ಯುದ್ಧ ಮುಗಿದ ಮೇಲೆ ಬಹಳವಾಗಿ ಪ್ರಚಾರ ಪಡೆಯಿತು. ಆದರೆ ಅವರೇ ಹೊರನಡೆಯುವಾಗ ಬರೆದಿಟ್ಟ ಕಾರಣಪತ್ರಗಳು ಬೇರೆಯದನ್ನೇ ಹೇಳುತ್ತವೆ. ಮಿಸಿಸಿಪಿಯ ಪತ್ರವು ತನ್ನ ನಿಲುವು ಗುಲಾಮ ಪದ್ಧತಿಯೊಂದಿಗೆ ಬೆರೆತುಹೋಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಓಡಿಬಂದ ಗುಲಾಮರನ್ನು ಉತ್ತರದ ರಾಜ್ಯಗಳು ಹಿಡಿದುಕೊಡುತ್ತಿಲ್ಲ ಎಂಬುದು ದಕ್ಷಿಣ ಕೆರೊಲಿನಾದ ದೂರುಗಳಲ್ಲಿ ಮುಖ್ಯವಾದುದು. ಅಂದರೆ ಉತ್ತರದ ರಾಜ್ಯಗಳು ತಮ್ಮ ಹಕ್ಕನ್ನು ಚಲಾಯಿಸಿದ್ದೇ ಅವರ ಆಕ್ಷೇಪ. ಬಂಡಾಯ ಒಕ್ಕೂಟದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ಅವರು 1861ರ ಮಾರ್ಚ್ 21ರಂದು ಸವಾನಾ ನಗರದಲ್ಲಿ ಮಾತನಾಡುತ್ತ, ಬಿಳಿಯರೂ ಕರಿಯರೂ ಸಮಾನರಲ್ಲ ಎಂಬುದೇ ತಮ್ಮ ಹೊಸ ಸರ್ಕಾರದ ಮೂಲೆಗಲ್ಲು ಎಂದು ಸಾರಿದರು. ಮನೆ ಕಟ್ಟಿದವನೇ ತಳಪಾಯವನ್ನು ತೋರಿಸಿಕೊಟ್ಟ ಮೇಲೆ ಬೇರೆ ಸಾಕ್ಷಿ ಬೇಕಿಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ದಕ್ಷಿಣದ ಬಿಳಿಯ ಕುಟುಂಬಗಳಲ್ಲಿ ಹೆಚ್ಚಿನವು ಒಬ್ಬ ಗುಲಾಮನನ್ನೂ ಹೊಂದಿರಲಿಲ್ಲ. ದೊಡ್ಡ ತೋಟಗಳ ಸಿರಿ ಅವರಿಗೆ ದಕ್ಕಿರಲಿಲ್ಲ. ಆದರೂ ಲಕ್ಷಾಂತರ ಬಡ ರೈತರು ಆ ಪದ್ಧತಿಯ ಪರವಾಗಿ ಪ್ರಾಣ ಕೊಟ್ಟರು. ತಮ್ಮ ಊರು ಕೇರಿಗಳ ಅಭಿಮಾನ, ಸರ್ಕಾರದ ಒತ್ತಾಯ ಮುಂತಾದ ಕಾರಣಗಳು ಇದ್ದೇ ಇದ್ದವು. ಅವುಗಳ ಅಡಿಯಲ್ಲಿ ವರ್ಣದ ಹಮ್ಮು ಇತ್ತು. ಎಷ್ಟೇ ಬಡವನಾದರೂ ತನಗಿಂತ ಕೆಳಗೆ ಒಬ್ಬನಿದ್ದಾನೆ ಎಂಬ ಸಮಾಧಾನವೇ ಆ ಬಡವನ ಆಸ್ತಿ. ಹೊಟ್ಟೆಗಿಲ್ಲದಿದ್ದರೂ ಹುಟ್ಟಿನ ಹಿರಿಮೆಯನ್ನು ಬಿಟ್ಟುಕೊಡದ ಈ ಮನೋಧರ್ಮವು ಯಾವ ಊರಿನ ಹಳ್ಳಿಕಟ್ಟೆಯಲ್ಲೂ ಕಾಣಸಿಗುತ್ತದೆ.

ಉತ್ತರವೂ ಈ ರೋಗದಿಂದ ಮುಕ್ತವಾಗಿರಲಿಲ್ಲ. 1863ರ ಜುಲೈ ತಿಂಗಳ ಒಂದೇ ವಾರ ಇದನ್ನು ಕನ್ನಡಿಯಂತೆ ತೋರಿಸುತ್ತದೆ. ಜುಲೈ 13ರಿಂದ ನಾಲ್ಕು ದಿನ ನ್ಯೂಯಾರ್ಕಿನಲ್ಲಿ ಕಡ್ಡಾಯ ಸೈನ್ಯಭರ್ತಿಯ ವಿರುದ್ಧ ಎದ್ದ ಗಲಭೆಯು ಕಪ್ಪು ಜನರ ಬೇಟೆಯಾಗಿ ಮಾರ್ಪಟ್ಟಿತು. ಕಪ್ಪು ಅನಾಥ ಮಕ್ಕಳ ಆಶ್ರಮಕ್ಕೆ ಬೆಂಕಿ ಇಡಲಾಯಿತು, ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ಜುಲೈ 18ರಂದು ದಕ್ಷಿಣ ಕೆರೊಲಿನಾದ ವ್ಯಾಗ್ನರ್ ಕೋಟೆಯ ಮೇಲೆ 54ನೆಯ ಮ್ಯಾಸಚೂಸೆಟ್ಸ್ ದಳದ ಕಪ್ಪು ಸೈನಿಕರು ಏರಿಹೋಗಿ ಉತ್ತರದ ಒಕ್ಕೂಟಕ್ಕಾಗಿ ಪ್ರಾಣ ಚೆಲ್ಲಿದರು. ಅವರ ದಳಪತಿ ರಾಬರ್ಟ್ ಗೌಲ್ಡ್ ಶಾ ಬಿಳಿಯರು. ಅವರೂ ಅಲ್ಲಿಯೇ ಮಡಿದರು. ಅವಮಾನಿಸುವ ಉದ್ದೇಶದಿಂದ ವೈರಿಗಳು ಅವರ ಶವವನ್ನು ಕಪ್ಪು ಸೈನಿಕರ ಶವಗಳೊಂದಿಗೆ ಒಂದೇ ಗುಂಡಿಯಲ್ಲಿ ಹೂಳಿದರು. ಶವವನ್ನು ಹೊರತೆಗೆದು ಬೇರೆ ಕಡೆ ಹೂಳುವುದು ಬೇಡ, ತನ್ನ ಸೈನಿಕರ ನಡುವೆ ಇರುವುದೇ ಮಗನಿಗೆ ತಕ್ಕ ಸ್ಥಳ ಎಂದು ಅವರ ತಂದೆ ತಿಳಿಸಿದರು. ಮಾದಾರ ಚೆನ್ನಯ್ಯನವರನ್ನೂ ಡೋಹರ ಕಕ್ಕಯ್ಯನವರನ್ನೂ ತಮ್ಮ ಹಿರಿಯರೆಂದು ಕರೆದುಕೊಂಡ ಬಸವಣ್ಣನವರ ಭಾವವು ಆ ತಂದೆಯ ಮಾತಿನಲ್ಲಿ ಹೊಳೆಯುತ್ತದೆ.

ಆ ದಳದ ಇನ್ನೊಂದು ಸಂಗತಿ ಕಾಯಕ ತತ್ತ್ವಕ್ಕೆ ಇನ್ನೂ ಹತ್ತಿರದ್ದು. ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್ ವೇತನ. ಕಪ್ಪು ಸೈನಿಕನಿಗೆ 10 ಡಾಲರ್ ಎಂದು ನಿಗದಿಪಡಿಸಿ, ಅದರಲ್ಲಿಯೂ ಬಟ್ಟೆಗೆಂದು 3 ಡಾಲರ್ ಕಡಿತ ಮಾಡಲಾಗುತ್ತಿತ್ತು. ಆ ಸೈನಿಕರು ಹೋರಾಡುವುದನ್ನು ಬಿಡಲಿಲ್ಲ, ಆದರೆ ಆ ಕಡಿಮೆ ವೇತನವನ್ನು ಮುಟ್ಟಲಿಲ್ಲ. ಮನೆಯಲ್ಲಿ ಮಡದಿ ಮಕ್ಕಳು ಹಸಿದಿದ್ದರೂ ಒಂದು ವರ್ಷಕ್ಕೂ ಮಿಕ್ಕಿ ಹಾಗೆಯೇ ನಡೆದರು. 1864ರ ಜೂನ್ ತಿಂಗಳಿನಲ್ಲಿ ಶಾಸನ ಸಭೆಯು ಸಮಾನ ವೇತನವನ್ನು ಒಪ್ಪಿಕೊಂಡಿತು. ಲಕ್ಕಮ್ಮನವರು ಹೆಚ್ಚಿನದನ್ನು ನಿರಾಕರಿಸಿದರು, ಈ ಸೈನಿಕರು ಕಡಿಮೆಯದನ್ನು ನಿರಾಕರಿಸಿದರು. ಎರಡರ ಹಿಂದಿರುವ ಸತ್ಯ ಒಂದೇ. ಕಾಯಕಕ್ಕೆ ಅದರದೇ ಆದ ಘನತೆಯಿದೆ, ಅದನ್ನು ಕೆಡಿಸುವ ಸಂಪಾದನೆ ಸ್ವೀಕಾರಯೋಗ್ಯವಲ್ಲ. ಯುದ್ಧದ ಕೊನೆಯ ವೇಳೆಗೆ ಸುಮಾರು 1 ಲಕ್ಷ 80 ಸಾವಿರ ಕಪ್ಪು ಜನರು ಒಕ್ಕೂಟದ ಭೂಸೇನೆಯಲ್ಲಿ ಸೇವೆ ಸಲ್ಲಿಸಿದ್ದರು. ಆದ್ದರಿಂದ ಬಿಡುಗಡೆಯನ್ನು ಯಾರೋ ಅವರಿಗೆ ದಯಪಾಲಿಸಿದರೆಂದು ಹೇಳುವುದು ಪೂರ್ಣ ಸತ್ಯವಲ್ಲ. ಅವರೂ ಅದನ್ನು ದುಡಿದು ಪಡೆದರು.

ಮಠದ ಭಕ್ತರು ಇನ್ನೊಂದು ಅಂಶವನ್ನು ವಿಶೇಷವಾಗಿ ಮನನ ಮಾಡಬೇಕು. ಈ ಅನ್ಯಾಯದ ಎದುರು ಧರ್ಮಸಂಸ್ಥೆಗಳು ಏನು ಮಾಡಿದವು? ಕೆಲವು ಕ್ರೈಸ್ತ ಪಂಗಡದವರು, ವಿಶೇಷವಾಗಿ ಕ್ವೇಕರರು, ಗುಲಾಮಗಿರಿಯನ್ನು ಬಹು ಹಿಂದೆಯೇ ಪಾಪವೆಂದು ತಿರಸ್ಕರಿಸಿದ್ದರು. ಇನ್ನು ಕೆಲವರು ಗ್ರಂಥದಲ್ಲಿಯೇ ಅದಕ್ಕೆ ಸಮರ್ಥನೆ ಹುಡುಕಿದರು. 1844ರಲ್ಲಿ ಮೆಥಡಿಸ್ಟರು, 1845ರಲ್ಲಿ ಬ್ಯಾಪ್ಟಿಸ್ಟರು ಇದೇ ಪ್ರಶ್ನೆಯ ಮೇಲೆ ಒಡೆದುಹೋದರು. ರಾಷ್ಟ್ರ ಒಡೆಯುವ ಮೊದಲು ದೇವಾಲಯ ಒಡೆಯಿತು. 1838ರಲ್ಲಿ ಮೇರಿಲ್ಯಾಂಡಿನ ಜೆಸ್ಯೂಟ್ ಗುರುಗಳು 272 ಗುಲಾಮರನ್ನು ಲೂಸಿಯಾನಾದ ತೋಟದ ಮಾಲೀಕರಿಗೆ ಮಾರಿದರು. ಆ ಹಣದ ಒಂದು ಭಾಗ ಜಾರ್ಜ್‌ಟೌನ್ ವಿದ್ಯಾಲಯದ ಸಾಲಕ್ಕೆ ಸಂದಿತು. ವಿದ್ಯಾದಾನವೆಂಬ ಪುಣ್ಯಕಾರ್ಯವೂ ತಾಯಿ ಮಕ್ಕಳ ಕಣ್ಣೀರಿನ ಮೇಲೆ ನಿಲ್ಲಬಹುದು ಎಂಬುದಕ್ಕೆ ಇದಕ್ಕಿಂತ ಕಠೋರ ನಿದರ್ಶನ ಬೇಕಿಲ್ಲ. ಆ ಸಂಸ್ಥೆಗಳು ನಮ್ಮ ಕಾಲದಲ್ಲಿ ಆ ತಪ್ಪನ್ನು ಬಹಿರಂಗವಾಗಿ ಒಪ್ಪಿ ಕ್ಷಮೆ ಕೋರಿವೆ. ದಕ್ಷಿಣದ ಬ್ಯಾಪ್ಟಿಸ್ಟರ ಸಮಾವೇಶವು 1995ರಲ್ಲಿ ತನ್ನ ಪೂರ್ವಜರ ನಿಲುವಿಗಾಗಿ ಕ್ಷಮೆ ಕೇಳಿತು. ನೂರೈವತ್ತು ವರ್ಷಗಳ ನಂತರವಾದರೂ ಒಪ್ಪಿಕೊಳ್ಳುವ ಧೈರ್ಯ ದೊಡ್ಡದು. ಆದರೆ ಅಷ್ಟು ತಡವಾದುದಕ್ಕೆ ತೆತ್ತ ಬೆಲೆಯೂ ದೊಡ್ಡದು.

ಮೇರಿಲ್ಯಾಂಡಿನಲ್ಲಿಯೇ ಗುಲಾಮರಾಗಿ ಹುಟ್ಟಿದ ಫ್ರೆಡರಿಕ್ ಡಗ್ಲಸ್ ಅವರು ಬಾಲ್ಯದಲ್ಲಿ ಒಡತಿಯಿಂದ ಅಕ್ಷರ ಕಲಿಯತೊಡಗಿದ್ದರು. ಓದು ಬಂದರೆ ಗುಲಾಮನು ಗುಲಾಮನಾಗಿ ಉಳಿಯುವುದಿಲ್ಲ ಎಂದು ಒಡೆಯ ಅದನ್ನು ತಡೆದನು. ಆ ಮಾತೇ ಬಾಲಕನಿಗೆ ದೀಕ್ಷೆಯಾಯಿತು. ಬಡ ಬಿಳಿಯ ಹುಡುಗರಿಗೆ ರೊಟ್ಟಿಯ ತುಣುಕು ಕೊಟ್ಟು ಬದಲಿಗೆ ಅಕ್ಷರ ಪಡೆದರು. 1838ರಲ್ಲಿ ತಪ್ಪಿಸಿಕೊಂಡು ಸ್ವತಂತ್ರರಾಗಿ, 1845ರಲ್ಲಿ ಆತ್ಮಕಥೆ ಪ್ರಕಟಿಸಿ ಲೋಕವನ್ನು ಎಚ್ಚರಿಸಿದರು. ವ್ಯಾಗ್ನರ್ ಕೋಟೆಯ ಕಾಳಗದಲ್ಲಿ ಅವರ ಮಗ ಲೂಯಿಸ್ ಕೂಡ ಇದ್ದರು. ಅನುಭವ ಮಂಟಪವು ಕೆಳಗಿನವರ ಮತ್ತು ಮಹಿಳೆಯರ ಬಾಯಿಗೆ ನುಡಿ ಕೊಟ್ಟಾಗ ಕಲ್ಯಾಣದ ಸ್ಥಾಪಿತ ವರ್ಗ ಏಕೆ ಬೆದರಿತೆಂಬುದು ಆ ಒಡೆಯನ ಮಾತಿನಿಂದ ತಿಳಿಯುತ್ತದೆ.

ಲಿಂಕನ್ ಅವರನ್ನೂ ಕುರುಡು ಭಕ್ತಿಯಿಂದ ನೋಡಬೇಕಿಲ್ಲ. 1858ರಲ್ಲಿ ಅವರು ಎರಡೂ ವರ್ಣದವರ ಸಾಮಾಜಿಕ ಸಮಾನತೆಗೆ ತಾವು ಒಲವುಳ್ಳವರಲ್ಲ ಎಂದು ಸಭೆಯಲ್ಲಿ ಹೇಳಿದ್ದರು. 1863ರ ಜನವರಿ 1ರ ಅವರ ವಿಮೋಚನಾ ಘೋಷಣೆ ಬಂಡಾಯದ ಪ್ರದೇಶಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಆದರೆ ಅವರು ಬೆಳೆಯುತ್ತ ಹೋದರು. 1865ರ ಮಾರ್ಚ್ 4ರ ಭಾಷಣದಲ್ಲಿ, ಎರಡೂ ಪಕ್ಷದವರು ಒಬ್ಬನೇ ದೇವರನ್ನು ಪ್ರಾರ್ಥಿಸುತ್ತಿದ್ದಾರೆಂದೂ, ಇನ್ನೂರೈವತ್ತು ವರ್ಷಗಳ ಕೂಲಿ ಕೊಡದ ದುಡಿಮೆಯಿಂದ ಕೂಡಿಟ್ಟ ಸಂಪತ್ತೆಲ್ಲ ಕರಗುವವರೆಗೆ ಯುದ್ಧ ನಡೆಯಬೇಕೆಂಬುದು ದೈವಸಂಕಲ್ಪವಾದರೆ ಅದೂ ನ್ಯಾಯವೇ ಎಂದೂ ನುಡಿದರು. ಉತ್ತರದವರನ್ನೂ ಅವರು ಆ ಪಾಪದಿಂದ ಹೊರಗಿಡಲಿಲ್ಲ. ಏಪ್ರಿಲ್ 11ರಂದು ಕೆಲವು ಕಪ್ಪು ಜನರಿಗಾದರೂ ಮತದಾನದ ಹಕ್ಕು ಸಿಗಬೇಕೆಂದು ಬಹಿರಂಗವಾಗಿ ಹೇಳಿದರು. ಮೂರು ದಿನಗಳಲ್ಲಿ, ಆ ಮಾತನ್ನು ಕೇಳಿದ್ದ ಜಾನ್ ವಿಲ್ಕ್ಸ್ ಬೂತ್‌ನ ಗುಂಡು ಅವರನ್ನು ಬಲಿ ತೆಗೆದುಕೊಂಡಿತು.

ನಾಲ್ಕು ವರ್ಷಗಳಲ್ಲಿ ಸತ್ತ ಸೈನಿಕರ ಸಂಖ್ಯೆಯನ್ನು ಬಹುಕಾಲದಿಂದ 6 ಲಕ್ಷ 20 ಸಾವಿರ ಎಂದು ಹೇಳಲಾಗುತ್ತಿತ್ತು. ಈಚಿನ ಅಂದಾಜುಗಳು ಅದನ್ನು 7 ಲಕ್ಷದ ಆಸುಪಾಸಿಗೆ, ಅದಕ್ಕೂ ಮೇಲಕ್ಕೆ ಒಯ್ಯುತ್ತವೆ. 1865ರ ಡಿಸೆಂಬರ್ ತಿಂಗಳಿನಲ್ಲಿ ಸಂವಿಧಾನದ 13ನೆಯ ತಿದ್ದುಪಡಿಯಿಂದ ಗುಲಾಮಗಿರಿ ರದ್ದಾಯಿತು. 1868 ಮತ್ತು 1870ರಲ್ಲಿ ಪೌರತ್ವ ಹಾಗೂ ಮತದಾನದ ಹಕ್ಕುಗಳು ಸಂವಿಧಾನವನ್ನು ಸೇರಿದವು. ಆದರೆ 1877ರ ನಂತರ ದಕ್ಷಿಣದಿಂದ ಕೇಂದ್ರದ ರಕ್ಷಣೆ ಹಿಂದೆ ಸರಿದಾಗ ಬೇರ್ಪಡೆಯ ಕಾನೂನುಗಳೂ ಗುಂಪುಹತ್ಯೆಗಳೂ ಬಂದವು. ಕಾಗದದ ಹಕ್ಕು ನಿಜವಾದ ಹಕ್ಕಾಗಲು 1964 ಮತ್ತು 1965ರ ಶಾಸನಗಳವರೆಗೆ ಸುಮಾರು ನೂರು ವರ್ಷ ಕಾಯಬೇಕಾಯಿತು. ಯುದ್ಧವು ಗುಲಾಮಗಿರಿಯನ್ನು ಕೊಂದಿತು. ಗುಲಾಮಗಿರಿಯನ್ನು ಸಮರ್ಥಿಸಲು ಹುಟ್ಟಿದ ವರ್ಣದ್ವೇಷ ಮಾತ್ರ ಬದುಕುಳಿಯಿತು. ಮರವನ್ನು ಕಡಿದರೂ ಬೇರು ನೆಲದೊಳಗೆ ಉಳಿದರೆ ಮುಂದಿನ ಮಳೆಗೆ ಚಿಗುರುವುದು ಪ್ರಕೃತಿಯ ನಿಯಮ.

ಈ ಯುದ್ಧ ಕನ್ನಡ ನಾಡಿಗೆ ದೂರದ ಸುದ್ದಿಯಾಗಿ ಉಳಿಯಲಿಲ್ಲ. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ತಡೆದಾಗ ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳು ನಿಂತವು. ಆ ಹೊತ್ತಿನಲ್ಲಿ ಬ್ರಿಟಿಷರ ಕಣ್ಣು ಬಿದ್ದ ಸೀಮೆಗಳಲ್ಲಿ ಧಾರವಾಡವೂ ಒಂದು. 1840ರ ದಶಕದಲ್ಲಿಯೇ ಅಲ್ಲಿ ಅಮೆರಿಕದ ಹತ್ತಿಯ ತಳಿಯನ್ನು ಬೆಳೆಸಲಾಗಿತ್ತು. ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಯುದ್ಧ ನಿಂತೊಡನೆ ಬೆಲೆ ಕುಸಿಯಿತು. ಧಾರವಾಡ, ಹುಬ್ಬಳ್ಳಿ, ಗದಗಿನ ಕಪ್ಪು ನೆಲದಲ್ಲಿ ದುಡಿದ ರೈತನಿಗೆ ತನ್ನ ಅರಳೆಯ ಬೆಲೆ ಏರಲು, ಇಳಿಯಲು ಕಾರಣವೇನೆಂದು ತಿಳಿದಿರಲಿಕ್ಕಿಲ್ಲ. ಅತ್ತ ಕೆಲಸ ಕಳೆದುಕೊಂಡು ಹಸಿದಿದ್ದ ಮ್ಯಾಂಚೆಸ್ಟರಿನ ಕಾರ್ಮಿಕರು 1862ರ ಕೊನೆಯ ದಿನ ಸಭೆ ಸೇರಿ, ಗುಲಾಮಗಿರಿಯ ನಿರ್ಮೂಲನವನ್ನು ಬೆಂಬಲಿಸಿ ಲಿಂಕನ್ ಅವರಿಗೆ ಪತ್ರ ಬರೆದರು. ಲಿಂಕನ್ ಅದಕ್ಕೆ ಕೃತಜ್ಞತೆಯಿಂದ ಉತ್ತರಿಸಿದರು. ಗುಲಾಮರ ಹತ್ತಿ ಬಂದರೆ ತಮ್ಮ ಒಲೆ ಉರಿಯುತ್ತದೆಂದು ಬಲ್ಲವರೇ ಅದು ಬೇಡವೆಂದರು. ಆಯ್ದಕ್ಕಿ ಲಕ್ಕಮ್ಮನವರ ಹೆಸರನ್ನೂ ಕೇಳದ ಆ ಜನ ಅವರ ದಾರಿಯಲ್ಲಿಯೇ ನಡೆದಂತಾಯಿತು.

1873ರಲ್ಲಿ ಮಹಾತ್ಮ ಜ್ಯೋತಿರಾವ್ ಫುಲೆ ಅವರು ‘ಗುಲಾಮಗಿರಿ’ ಎಂಬ ತಮ್ಮ ಮರಾಠಿ ಗ್ರಂಥವನ್ನು, ಗುಲಾಮರ ಬಿಡುಗಡೆಗಾಗಿ ತ್ಯಾಗ ಮಾಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ತಮ್ಮ ದೇಶಬಾಂಧವರೂ ಅದರಿಂದ ಕಲಿಯಲಿ ಎಂಬುದು ಅವರ ಹಂಬಲವಾಗಿತ್ತು. ಆ ಹಂಬಲ ಇಂದಿಗೂ ಉತ್ತರ ಬೇಡುತ್ತದೆ. ಭಾರತದಲ್ಲಿ ಜೀತ ಪದ್ಧತಿಯನ್ನು ರದ್ದುಗೊಳಿಸುವ ಕಾಯ್ದೆ ಬಂದದ್ದು 1976ರಲ್ಲಿ, ಅಂದರೆ ಹರಳಯ್ಯ ಮಧುವರಸರ ಬಲಿದಾನವಾಗಿ ಎಂಟು ಶತಮಾನಗಳು ಕಳೆದ ಮೇಲೆ. ಆ ಬಲಿದಾನವನ್ನು ಪ್ರತಿ ವರ್ಷ ಸ್ಮರಿಸುವ ಮನೆಗಳಲ್ಲಿಯೇ ಸಂಬಂಧ ಬೆಳೆಸುವ ಮಾತು ಬಂದಾಗ ಒಳಪಂಗಡವನ್ನು ವಿಚಾರಿಸುವ ರೂಢಿ ನಿಂತಿಲ್ಲ. ಹೊಲದಲ್ಲಿ ದುಡಿದವನಿಗೆ ಬೇರೆ ಲೋಟದಲ್ಲಿ ನೀರು ಕೊಡುವ ಕೈ, ಮರುದಿನ ಬೆಳಗ್ಗೆ ಅದೇ ಅಂಗೈಯಲ್ಲಿ ಇಷ್ಟಲಿಂಗವನ್ನು ಇಟ್ಟುಕೊಳ್ಳುತ್ತದೆ. ಅಮೆರಿಕದ ತೋಟದ ಮಾಲೀಕನೂ ಭಾನುವಾರ ತಪ್ಪದೆ ಪ್ರಾರ್ಥನೆಗೆ ಹೋಗುತ್ತಿದ್ದನು.

ಪರರ ಚರಿತ್ರೆಯನ್ನು ಓದುವುದು ಪರರನ್ನು ದೂಷಿಸಲಿಕ್ಕಲ್ಲ. ಇಷ್ಟಲಿಂಗವನ್ನು ಕರಸ್ಥಲದಲ್ಲಿ ಧರಿಸಿದ ಭಕ್ತನು ಪೂಜೆಗೆ ಕುಳಿತಾಗ ದೃಷ್ಟಿಯು ಮೊದಲು ಬೀಳುವುದು ತನ್ನ ಅಂಗೈಯ ಮೇಲೆ. ಈ ಅಂಗೈ ಇಂದು ಯಾರ ಬೆವರಿನ ಪಾಲನ್ನು ಹಿಡಿದಿದೆ, ಯಾರ ಕೈಯನ್ನು ಮುಟ್ಟಲು ಹಿಂಜರಿದಿದೆ ಎಂದು ಕೇಳಿಕೊಂಡರೆ ಅದೂ ಲಿಂಗಪೂಜೆಯೇ. ಸಲ್ಲದ ಅಕ್ಕಿಯೇನಾದರೂ ಅದರಲ್ಲಿ ಉಳಿದಿದ್ದರೆ ಅದನ್ನು ಹಿಂದಿರುಗಿಸಿ ಬರುವ ದಾರಿಯನ್ನು ಲಕ್ಕಮ್ಮನವರು ಎಂದೋ ತೋರಿಸಿಕೊಟ್ಟಿದ್ದಾರೆ.